ದೆಹಲಿಯ ಮಕ್ಕಳು ಮತ್ತು ಲೋಕದ ಅಳತೆಗೋಲು

(ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸಗಳಲ್ಲಿ ಸಾಮಾನ್ಯವಾಗಿ ಸಾಹಿತ್ಯದ ಮಾತು ನಡೆಯುತ್ತದೆ, ಇಲ್ಲವೇ ಇತಿಹಾಸದ್ದು. ಈ ಸಲ ಸಂಘಟಕರು ಮಕ್ಕಳ ವೈದ್ಯನನ್ನು ಕರೆದಿದ್ದಾರೆ. ಹೊಸ ಔಷಧಿ, ಹೊಸ ಲಸಿಕೆ, ಹೊಸ ಯಂತ್ರಗಳ ಬಗ್ಗೆ ಹೇಳಿದ್ದರೆ ಕೇಳಲು ಸೊಗಸಾಗಿರುತ್ತಿತ್ತು. ನಾನು ಆರಿಸಿಕೊಂಡಿರುವುದು ನಮ್ಮ ವೃತ್ತಿಯಲ್ಲೇ ತೀರಾ ಅಗ್ಗದ, ತೀರಾ ಅಸಡ್ಡೆಗೆ ಒಳಗಾದ ಕೆಲಸವನ್ನು. ಮಗುವಿನ ತೂಕ ನೋಡುವುದು, ಉದ್ದ ಅಳೆಯುವುದು, ತಲೆಯ ಸುತ್ತಳತೆ ತೆಗೆಯುವುದು, ಅದನ್ನೆಲ್ಲ ಒಂದು ನಕ್ಷೆಯ ಮೇಲೆ ಗುರುತು ಹಾಕಿ, ಈ ಮಗು ಸರಿಯಾಗಿ ಬೆಳೆಯುತ್ತಿದೆಯೇ ಎಂದು ಹೇಳುವುದು.

ಇದನ್ನು ದೆಹಲಿಯ ಕನ್ನಡಿಗರ ಮುಂದೆ ನಿಂತು ಹೇಳುವುದಕ್ಕೆ ಕಾರಣವಿದೆ. ಇಂದು ರಾಯಚೂರಿನ ಅಂಗನವಾಡಿಯಲ್ಲಾಗಲಿ, ಆಫ್ರಿಕದ ಒಂದು ಹಳ್ಳಿಯಲ್ಲಾಗಲಿ, ಐದು ವರ್ಷದೊಳಗಿನ ಮಗುವನ್ನು ತೂಗಿದರೆ ಆ ತೂಕವನ್ನು ಹೋಲಿಸಿ ನೋಡುವುದು ವಿಶ್ವ ಆರೋಗ್ಯ ಸಂಸ್ಥೆಯ ಒಂದೇ ನಕ್ಷೆಯೊಂದಿಗೆ. ಆ ನಕ್ಷೆಯನ್ನು ತಯಾರಿಸಲು ಅಳೆದ ಮಕ್ಕಳಲ್ಲಿ ಒಂದು ಪಾಲು ದಕ್ಷಿಣ ದೆಹಲಿಯವರು. ಆ ನಗರದಲ್ಲೇ 2019–21ರಲ್ಲೂ ನೂರಕ್ಕೆ ಸುಮಾರು ಮೂವತ್ತು ಮಕ್ಕಳ ಉದ್ದ ಅದೇ ನಕ್ಷೆಯ ಕೆಳಗೆರೆಯನ್ನು ಮುಟ್ಟಿರಲಿಲ್ಲ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡುವುದೇ ಈ ಉಪನ್ಯಾಸದ ಉದ್ದೇಶ.

ಕಣ್ಣಳತೆ

ಮಗು ಬೆಳೆಯುತ್ತಿದೆಯೇ ಎಂಬ ಚಿಂತೆ ವೈದ್ಯಶಾಸ್ತ್ರಕ್ಕಿಂತ ಹಳೆಯದು. ಕೂಸಿನ ಸೊಂಟಕ್ಕೆ ಕಟ್ಟಿದ ಉಡಿದಾರ ಬಿಗಿಯಾದರೆ ಅಜ್ಜಿಗೆ ನೆಮ್ಮದಿ, ಸಡಿಲವಾದರೆ ಆತಂಕ. ಕೈಬಳೆ ತೆಗೆಯಲು ಬಾರದಾದರೆ ಮಗು ಮೈ ತುಂಬಿಕೊಂಡಿದೆ ಎಂದು ಅರ್ಥ. ದೇವರ ಮುಂದೆ ಬೆಲ್ಲವನ್ನೋ ಅಕ್ಕಿಯನ್ನೋ ಇಟ್ಟು ತುಲಾಭಾರ ಮಾಡಿಸುವ ಹರಕೆಯೂ ನಮ್ಮಲ್ಲಿದೆ. ಆದರೆ ಅದೇ ಮನೆಯಲ್ಲಿ, ಮಗುವನ್ನು ಪದೇ ಪದೇ ತೂಗಬೇಡಿ, ದೃಷ್ಟಿ ತಾಗುತ್ತದೆ ಎನ್ನುವವರೂ ಇದ್ದಾರೆ. ದೆಹಲಿಯ ಬಸ್ತಿಗಳಲ್ಲಿ ಇದೇ ಮಾತನ್ನು 'ನಜರ್' ಎನ್ನುತ್ತಾರೆ. ಭಾಷೆ ಬೇರೆ, ಭಯ ಒಂದೇ.

ಇವನ್ನು ನಾನು ಹೀಗಳೆಯುವುದಿಲ್ಲ. ತೋಳಿನ ಸುತ್ತಳತೆಯನ್ನು ಇಂದಿನ ವೈದ್ಯಕೀಯವೂ ನೆಚ್ಚಿಕೊಂಡಿದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ಎಡ ಮೇಲ್ದೋಳಿನ ನಡುವಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ, 11.5ರಿಂದ 12.5ರ ನಡುವೆ ಇದ್ದರೆ ಮಧ್ಯಮ ಅಪೌಷ್ಟಿಕತೆ. ಕೆಂಪು, ಹಳದಿ, ಹಸಿರು ಬಣ್ಣದ ಒಂದು ಪಟ್ಟಿ ಇದ್ದರೆ ಸಾಕು, ಅಕ್ಷರ ಬಾರದ ತಾಯಿಯೂ ಇದನ್ನು ನೋಡಬಲ್ಲಳು.

ಆದರೆ ಕಣ್ಣು ಒಂದು ಕಡೆ ಖಂಡಿತ ಸೋಲುತ್ತದೆ. ಎರಡು ವರ್ಷ ತುಂಬಿದ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ತೂಕ 10 ಕಿಲೊ, ಉದ್ದ 79 ಸೆಂಟಿಮೀಟರ್. ಕೆನ್ನೆ ತುಂಬಿದೆ, ಓಡಾಡುತ್ತಾಳೆ, ಯಾರ ಕಣ್ಣಿಗೂ ಬಡಕಲಾಗಿ ಕಾಣುವುದಿಲ್ಲ. ನಕ್ಷೆಯ ಪ್ರಕಾರ ಆ ವಯಸ್ಸಿನ ಹುಡುಗಿಯ ಮಧ್ಯಮ ತೂಕ 11.5 ಕಿಲೊ, ಕೆಳಗಿನ ಗೆರೆ 9 ಕಿಲೊ. ಆದ್ದರಿಂದ ತೂಕದ ಪರೀಕ್ಷೆಯಲ್ಲೂ ಅವಳು ಪಾಸು. ಉದ್ದಕ್ಕೆ ಬಂದಾಗ ಮಾತು ಬೇರೆ. ಮಧ್ಯಮ ಉದ್ದ ಸುಮಾರು 86 ಸೆಂಟಿಮೀಟರ್, ಕೆಳಗಿನ ಗೆರೆ 80. ಅವಳು ಅದಕ್ಕೂ ಕೆಳಗಿದ್ದಾಳೆ. ತೂಕದಲ್ಲೂ ಉದ್ದದಲ್ಲೂ ಅವಳು ಹದಿನಾರು ಹದಿನೇಳು ತಿಂಗಳ ಮಗುವಿನಂತಿದ್ದಾಳೆ. ಎರಡೂ ಜೊತೆಯಾಗಿ ಹಿಂದೆ ಬಿದ್ದಿರುವುದರಿಂದಲೇ ಯಾರಿಗೂ ಅನುಮಾನ ಬಂದಿಲ್ಲ. ನಾವು 'ಕುಂಠಿತ ಬೆಳವಣಿಗೆ' ಎನ್ನುವುದು ಇದನ್ನೇ. ಇದನ್ನು ಹಿಡಿಯುವುದು ಅಳತೆಪಟ್ಟಿ ಮಾತ್ರ. ನಮ್ಮ ಬಹುಪಾಲು ಚಿಕಿತ್ಸಾಲಯಗಳಲ್ಲಿ ತೂಕದ ಯಂತ್ರವಿರುತ್ತದೆ. ಉದ್ದ ಅಳೆಯುವ ಹಲಗೆ ಮೂಲೆಯಲ್ಲಿ ಧೂಳು ತಿನ್ನುತ್ತಿರುತ್ತದೆ.

ಕೈಯಳತೆ

ಅಳೆಯುವುದು ಸುಲಭವೆಂದು ತಿಳಿದವರು ಒಂದು ವರ್ಷದ ಮಗುವನ್ನು ಹಲಗೆಯ ಮೇಲೆ ಮಲಗಿಸಿ ನೋಡಬೇಕು. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿಯೇ ಅಳೆಯಬೇಕು, ಅದಕ್ಕೆ ಇಬ್ಬರು ಬೇಕು. ಒಬ್ಬರು ತಲೆಯನ್ನು ಹಲಗೆಯ ತುದಿಗೆ ಒತ್ತಿ, ನೋಟ ನೇರ ಮೇಲಕ್ಕಿರುವಂತೆ ಹಿಡಿಯಬೇಕು. ಇನ್ನೊಬ್ಬರು ಮೊಣಕಾಲು ಮಡಿಸದಂತೆ ಒತ್ತಿ, ಅಂಗಾಲಿಗೆ ಜಾರುಹಲಗೆಯನ್ನು ತಾಗಿಸಿ ಓದಬೇಕು. ಎರಡು ವರ್ಷ ದಾಟಿದ ಮೇಲೆ ನಿಲ್ಲಿಸಿ ಎತ್ತರ ನೋಡಬೇಕು. ಒಂದೇ ಮಗು ಮಲಗಿದಾಗ ನಿಂತಾಗಿನದಕ್ಕಿಂತ ಸುಮಾರು 0.7 ಸೆಂಟಿಮೀಟರ್ ಹೆಚ್ಚು ಉದ್ದ ಬರುತ್ತದೆ. ಆದ್ದರಿಂದ ಹೇಗೆ ಅಳೆದಿರಿ ಎಂದು ಬರೆಯದ ಅಂಕಿಗೆ ಅರ್ಧ ಬೆಲೆ.

ದೆಹಲಿಯಲ್ಲಿ ಇದಕ್ಕೆ ಚಳಿಗಾಲ ಸೇರಿಕೊಳ್ಳುತ್ತದೆ. ಜನವರಿಯಲ್ಲಿ ಕೂಸಿನ ಮೈಮೇಲೆ ಒಳಬನಿಯನ್, ಎರಡು ಸ್ವೆಟರ್, ಉಣ್ಣೆಯ ಪೈಜಾಮ, ಟೋಪಿ. ಬಿಚ್ಚಿ ಎಂದರೆ ತಾಯಿ ಒಪ್ಪುವುದಿಲ್ಲ, ಅವಳ ತಪ್ಪೂ ಅಲ್ಲ, ಕೋಣೆಯೇ ಮಂಜುಗಡ್ಡೆ. ಬಟ್ಟೆಗೆಂದು ಅರ್ಧ ಕಿಲೊ ಕಳೆಯುವುದು ಅಂದಾಜಿನ ಪದ್ಧತಿ. ಒಂಬತ್ತರಿಂದ ಹನ್ನೆರಡು ತಿಂಗಳ ನಡುವೆ ಆರೋಗ್ಯವಂತ ಗಂಡುಮಗು ತಿಂಗಳಿಗೆ ಗಳಿಸುವ ತೂಕ ಸುಮಾರು 230 ಗ್ರಾಂ. ಬಟ್ಟೆಯ ಅಂದಾಜಿನಲ್ಲಿ 400 ಗ್ರಾಂ ತಪ್ಪಿದರೆ ಮಗು ಎರಡು ತಿಂಗಳು ಬೆಳೆಯದೆ ನಿಂತಿದ್ದನ್ನೇ ಆ ಸ್ವೆಟರು ಮುಚ್ಚಿಹಾಕುತ್ತದೆ. ಉಪಾಯ ಸರಳ. ಕಂಬಳಿಯಲ್ಲಿ ಸುತ್ತಿದ ತಾಯಿಯ ತೂಕವನ್ನು ಮೊದಲು ತೆಗೆದು, ಯಂತ್ರವನ್ನು ಸೊನ್ನೆಗೆ ತಂದು, ಬಿಚ್ಚಿದ ಮಗುವನ್ನು ಅದೇ ಕಂಬಳಿಯೊಳಗೆ ಅವಳ ಕೈಗೆ ಕೊಟ್ಟರೆ ಯಂತ್ರ ತೋರಿಸುವುದು ಮಗುವಿನ ತೂಕವನ್ನೇ.

ವಯಸ್ಸೂ ಒಂದು ಅಳತೆಯೇ. ಹೋಳಿ ಕಳೆದ ಮೇಲೆ ಹುಟ್ಟಿದ್ದು, ದೀಪಾವಳಿಗೆ ಮೊದಲು ಹುಟ್ಟಿದ್ದು ಎಂದು ಹೇಳುವ ವಲಸೆ ಕುಟುಂಬಗಳಲ್ಲಿ ಒಂದು ತಿಂಗಳು ಆಚೀಚೆಯಾದರೆ ಮಗು ನಕ್ಷೆಯ ಹಸಿರು ಪಟ್ಟಿಯಿಂದ ಹಳದಿಗೆ ಜಾರುತ್ತದೆ, ಹಳದಿಯದು ಹಸಿರಿಗೆ ಏರುತ್ತದೆ. ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಎರಡು ವರ್ಷದವರೆಗೆ ಎಷ್ಟು ವಾರ ಮೊದಲು ಹುಟ್ಟಿತೋ ಅಷ್ಟನ್ನು ಕಳೆದು ವಯಸ್ಸು ಲೆಕ್ಕ ಹಾಕಬೇಕು. ಕಾಲು ಬಾತಿರುವ ಮಗುವಿನ ತೂಕವನ್ನಂತೂ ನಂಬಲೇಬಾರದು. ಎರಡೂ ಪಾದವನ್ನು ಹೆಬ್ಬೆರಳಿಂದ ಒತ್ತಿದಾಗ ಗುಳಿ ಬಿದ್ದು ಉಳಿದರೆ ತಕ್ಕಡಿ ತೂಗುತ್ತಿರುವುದು ನೀರನ್ನು.

ತಲೆಯ ಸುತ್ತಳತೆ ಮಿದುಳಿನ ಬೆಳವಣಿಗೆಯ ಸುಳಿವು. ಹುಟ್ಟುವಾಗ ಸುಮಾರು 34 ಸೆಂಟಿಮೀಟರ್ ಇರುವುದು ಒಂದು ವರ್ಷದಲ್ಲಿ ಸುಮಾರು 12 ಸೆಂಟಿಮೀಟರ್ ಹೆಚ್ಚುತ್ತದೆ, ಅದರಲ್ಲಿ ಅರ್ಧದಷ್ಟು ಮೊದಲ ಮೂರು ತಿಂಗಳಲ್ಲೇ. ಬೇಗ ಹೆಚ್ಚಿದರೂ ಕಾರಣ ಹುಡುಕಬೇಕು, ಹೆಚ್ಚದಿದ್ದರೂ ಹುಡುಕಬೇಕು. ಅದಕ್ಕೆ ಬೇಕಾದದ್ದು ಹಿಗ್ಗದ ಒಂದು ಪಟ್ಟಿ.

ಚುಕ್ಕೆಯಿಂದ ಗೆರೆಗೆ

ಮಗುವಿನ ತೂಕ ಎಷ್ಟಿರಬೇಕು ಡಾಕ್ಟರೆ ಎಂದು ತಾಯಂದಿರು ಕೇಳುತ್ತಾರೆ. ಸ್ಥೂಲವಾಗಿ ಹೇಳಬಹುದು. ಮೊದಲ ವಾರದಲ್ಲಿ ಸ್ವಲ್ಪ ಇಳಿದು ಎರಡನೆಯ ವಾರದಲ್ಲಿ ಹುಟ್ಟಿದ ತೂಕಕ್ಕೆ ಮರಳುತ್ತದೆ. ಐದು ತಿಂಗಳಿಗೆ ಎರಡರಷ್ಟು, ವರ್ಷಕ್ಕೆ ಮೂರರಷ್ಟು. ಹುಟ್ಟಿದಾಗ 50 ಸೆಂಟಿಮೀಟರ್ ಇದ್ದದ್ದು ವರ್ಷಕ್ಕೆ 75, ನಾಲ್ಕು ವರ್ಷಕ್ಕೆ 100. ಆದರೆ ಒಂದು ದಿನದ ಅಂಕಿಯಿಂದ ಮಗುವಿನ ಗಾತ್ರ ತಿಳಿಯುತ್ತದೆಯೇ ಹೊರತು ಬೆಳವಣಿಗೆ ತಿಳಿಯುವುದಿಲ್ಲ. ಬೆಳವಣಿಗೆ ಇರುವುದು ಎರಡು ಅಳತೆಗಳ ನಡುವೆ.

ಆದ್ದರಿಂದಲೇ ನಕ್ಷೆ. 1950 ಮತ್ತು 60ರ ದಶಕಗಳಲ್ಲಿ ಪಶ್ಚಿಮ ನೈಜೀರಿಯದ ಇಲೇಷದಲ್ಲಿ ಕೆಲಸ ಮಾಡಿದ ಬ್ರಿಟಿಷ್ ವೈದ್ಯ ಡೇವಿಡ್ ಮಾರ್ಲಿ, ತಾಯಿಯೇ ಮನೆಯಲ್ಲಿ ಇಟ್ಟುಕೊಳ್ಳುವ ಒಂದು ಕಾರ್ಡನ್ನು ರೂಪಿಸಿದರು. ಅಡ್ಡಕ್ಕೆ ತಿಂಗಳು, ಮೇಲಕ್ಕೆ ತೂಕ, ನಡುವೆ ಒಂದು ದಾರಿ. ಮಗುವಿನ ಚುಕ್ಕೆಗಳು ಆ ದಾರಿಯಲ್ಲಿ ಏರುತ್ತಾ ಹೋದರೆ ಸರಿ; ಅಡ್ಡ ಚಲಿಸಿದರೆ ಎಚ್ಚರ; ಇಳಿದರೆ ಅಪಾಯ. ಇಂದು ನಮ್ಮ ತಾಯಿ ಕಾರ್ಡಿನಲ್ಲಿ, ಅಂಗನವಾಡಿಯ ಪುಸ್ತಕದಲ್ಲಿ ಇರುವ ನಕ್ಷೆ ಆ ಕಾರ್ಡಿನ ವಂಶದ್ದೇ.

ಈಗ ಆ ಗೆರೆಗಳ ಅರ್ಥ. ಒಂದೇ ವಯಸ್ಸಿನ ನೂರು ಆರೋಗ್ಯವಂತ ಹುಡುಗಿಯರನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಡುವಿನವಳದ್ದು ಮಧ್ಯಮ ಎತ್ತರ. ತೀರಾ ಗಿಡ್ಡ ಇರುವ ಎರಡು ಮೂರು ಮಂದಿ ನಾನು ಕೆಳಗೆರೆ ಎನ್ನುತ್ತಿರುವ 'ಮೈನಸ್ ಎರಡು' ಗೆರೆಯ ಕೆಳಗೆ ಬರುತ್ತಾರೆ. ಅವರಿಗೂ ಕಾಯಿಲೆ ಇರಲೇಬೇಕೆಂದಿಲ್ಲ. ಅಪ್ಪ ಅಮ್ಮ ಗಿಡ್ಡ ಇರಬಹುದು. ಒಂದು ಮಗುವಿನ ವಿಷಯದಲ್ಲಿ ಈ ಗೆರೆ ತೀರ್ಪು ಕೊಡುವುದಿಲ್ಲ, ವಿಚಾರಿಸಿ ಎಂದಷ್ಟೇ ಹೇಳುತ್ತದೆ. ಆದರೆ ಒಂದು ಊರಿನ ನೂರು ಮಕ್ಕಳಲ್ಲಿ ಎರಡು ಮೂರರ ಬದಲು ಮೂವತ್ತು ಮಂದಿ ಆ ಗೆರೆಯ ಕೆಳಗಿದ್ದರೆ ಅದು ಊರಿನ ಮೇಲೆ ಕೊಟ್ಟ ತೀರ್ಪು.

ಯಾರ ಮಗು ಮಾದರಿ?

ಆ ನೂರು ಆರೋಗ್ಯವಂತ ಮಕ್ಕಳನ್ನು ಎಲ್ಲಿಂದ ತಂದಿರಿ ಎಂಬುದೇ ಮುಂದಿನ ಪ್ರಶ್ನೆ.

ಒಂದು ಮಗುವನ್ನು ಹುಟ್ಟಿನಿಂದ ಯೌವನದವರೆಗೆ ಅಳೆದ ಮೊದಲ ಪ್ರಸಿದ್ಧ ದಾಖಲೆ ಫ್ರಾನ್ಸಿನದು. ಮೊಂಬೇಯಾರ್ ಎಂಬ ಶ್ರೀಮಂತ ತನ್ನ ಮಗನ ಎತ್ತರವನ್ನು 1759ರಿಂದ 1777ರವರೆಗೆ ಬರೆದಿಟ್ಟ. ಅವನ ಗೆಳೆಯ, ನಿಸರ್ಗವಿಜ್ಞಾನಿ ಬ್ಯುಫಾನ್ ಅದನ್ನು ಪ್ರಕಟಿಸಿದ. ಅಲ್ಲಿಂದ ಎರಡು ಶತಮಾನ ಉಳ್ಳವರ ದೇಶಗಳು ತಮ್ಮ ಮಕ್ಕಳನ್ನು ಅಳೆದುಕೊಂಡವು. ಉಳಿದ ಲೋಕ ಆ ಅಂಕಿಗಳನ್ನು ಎರವಲು ಪಡೆಯಿತು. 1970ರ ದಶಕದ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ದೇಶಗಳಿಗೂ ಶಿಫಾರಸು ಮಾಡಿದ್ದು ಅಮೆರಿಕದ ನಕ್ಷೆಯನ್ನು. ಅದರಲ್ಲಿ ಎರಡು ವರ್ಷದೊಳಗಿನ ಭಾಗ ಒಹಾಯೊ ರಾಜ್ಯದ ಒಂದೇ ಸಮುದಾಯದ ಬಿಳಿಯ ಮಕ್ಕಳದ್ದು. ಅವರಲ್ಲಿ ಹೆಚ್ಚಿನವರು ಬಾಟಲಿ ಹಾಲು ಕುಡಿದವರು.

ಅದರ ಪರಿಣಾಮ ನೋಡಿ. ಎದೆಹಾಲು ಕುಡಿಯುವ ಮಗು ಮೊದಲ ಎರಡು ಮೂರು ತಿಂಗಳು ಬೇಗ ಬೆಳೆದು ಆಮೇಲೆ ಬಾಟಲಿ ಹಾಲಿನ ಮಗುವಿಗಿಂತ ಸ್ವಲ್ಪ ನಿಧಾನವಾಗಿ ತೂಕ ಪಡೆಯುತ್ತದೆ. ಅದು ಸಹಜ. ಆದರೆ ಒಹಾಯೊದ ನಕ್ಷೆಯ ಮೇಲೆ ಅದು ಹಿಂದೆ ಬಿದ್ದಂತೆ ಕಾಣುತ್ತಿತ್ತು. ಅಮ್ಮ, ನಿನ್ನ ಹಾಲು ಸಾಲುತ್ತಿಲ್ಲ, ಮೇಲಿನ ಹಾಲು ಶುರು ಮಾಡು ಎಂಬ ಸಲಹೆ ಹಾಗೆ ಹುಟ್ಟಿತು. ನೀರು ಶುದ್ಧವಿಲ್ಲದ ಮನೆಯಲ್ಲಿ ಆ ಬಾಟಲಿಯೇ ಭೇದಿ ತಂದಿತು, ಭೇದಿ ಮಗುವನ್ನು ನಿಜವಾಗಿಯೂ ಹಿಂದೆ ತಳ್ಳಿತು. ತಪ್ಪು ಅಳತೆಗೋಲು ಆರೋಗ್ಯವಂತ ಮಗುವನ್ನು ರೋಗಿಯಾಗಿಸಿತು.

ಇನ್ನೊಂದು ದಿಕ್ಕಿನ ತಪ್ಪೂ ಇದೇ ಕಾಲದ್ದು. 1980ರ ದಶಕದ ಆರಂಭದಲ್ಲಿ ಡೇವಿಡ್ ಸೆಕ್ಲರ್ ಎಂಬ ಅಮೆರಿಕನ್ ಅರ್ಥಶಾಸ್ತ್ರಜ್ಞ ಒಂದು ವಾದ ಮುಂದಿಟ್ಟರು. ಬಡ ದೇಶಗಳ ಮಕ್ಕಳು ಚಿಕ್ಕವರಾಗಿದ್ದರೂ ಆರೋಗ್ಯವಾಗಿದ್ದಾರೆ. ಕಡಿಮೆ ಆಹಾರಕ್ಕೆ ದೇಹ ಹೊಂದಿಕೊಂಡಿದೆ. ಗಂಭೀರವಲ್ಲದ ಕುಂಠಿತವನ್ನು ಅಪೌಷ್ಟಿಕತೆ ಎನ್ನಬೇಕಿಲ್ಲ ಎಂದು. ಸರ್ಕಾರಗಳಿಗೆ ಇದಕ್ಕಿಂತ ಅನುಕೂಲದ ಮಾತು ಬೇರೊಂದಿಲ್ಲ. ಇದನ್ನು ಎದುರಿಸಿ ನಿಂತವರು ದೆಹಲಿಯಲ್ಲೇ ಭಾರತೀಯ ಪೌಷ್ಟಿಕತಾ ಪ್ರತಿಷ್ಠಾನವನ್ನು ಸ್ಥಾಪಿಸಿದ್ದ ಸಿ. ಗೋಪಾಲನ್. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯನ್ನೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯನ್ನೂ ನಡೆಸಿದ ಹಿರಿಯರು ಅವರು. ಚಿಕ್ಕದಾಗಿರುವುದು ಬಡವರ ಮಕ್ಕಳಿಗೆ ಮಾತ್ರ ಆರೋಗ್ಯ, ಶ್ರೀಮಂತರ ಮಕ್ಕಳಿಗಲ್ಲ ಎಂಬುದು ಎಂಥ ನ್ಯಾಯ ಎಂಬುದೇ ಅವರ ಪ್ರಶ್ನೆಯ ತಿರುಳಾಗಿತ್ತು. ಒಂದು ದೇಶ ತನ್ನ ಮಕ್ಕಳಿಗೆ ಕೆಳಮಟ್ಟದ ಅಳತೆಗೋಲು ಹಿಡಿದರೆ, ಇರುವ ಬಡತನಕ್ಕೆ ವಿಜ್ಞಾನದ ಮುದ್ರೆ ಒತ್ತಿದಂತೆ.

ದಕ್ಷಿಣ ದೆಹಲಿಯ ಐವತ್ತೆಂಟು ಬಡಾವಣೆಗಳು

ವಾದ ತೀರಬೇಕಾದರೆ ಮಕ್ಕಳನ್ನೇ ಅಳೆಯಬೇಕು. ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಅದನ್ನು ಆರು ಕಡೆ ಮಾಡಿಸಿತು: ಬ್ರೆಜಿಲಿನ ಪೆಲೋಟಸ್, ಘಾನಾದ ಆಕ್ರಾ, ನಾರ್ವೆಯ ಓಸ್ಲೊ, ಒಮಾನಿನ ಮಸ್ಕತ್, ಅಮೆರಿಕದ ಡೇವಿಸ್, ಮತ್ತು ನಮ್ಮ ದೆಹಲಿ. ಒಟ್ಟು ಸುಮಾರು 8,500 ಮಕ್ಕಳು. ಹಿಂದಿನವರು ಮಕ್ಕಳು ಹೇಗೆ ಬೆಳೆಯುತ್ತಿದ್ದಾರೆ ಎಂದು ಕೇಳಿದ್ದರೆ ಇವರು, ತಡೆ ಇಲ್ಲದಿದ್ದರೆ ಮಕ್ಕಳು ಹೇಗೆ ಬೆಳೆಯಬೇಕು ಎಂದು ಕೇಳಿದರು. ಆದ್ದರಿಂದ ಎದೆಹಾಲು ಕುಡಿಯುವ, ಧೂಮಪಾನ ಮಾಡದ ತಾಯಂದಿರ, ಬೆಳವಣಿಗೆಗೆ ಬಡತನ ಅಡ್ಡಿಯಾಗದ ಮನೆಗಳ ಮಕ್ಕಳನ್ನು ಮಾತ್ರ ಆರಿಸಿದರು.

ದೆಹಲಿಯ ಕೆಲಸವನ್ನು ವಹಿಸಿಕೊಂಡದ್ದು ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ತಂಡ. ನೀತಾ ಭಂಡಾರಿ, ಎಂ.ಕೆ. ಭಾನ್ ಮೊದಲಾದವರು ಅದರಲ್ಲಿದ್ದರು. ದಕ್ಷಿಣ ದೆಹಲಿಯ 58 ಅನುಕೂಲಸ್ಥ ಬಡಾವಣೆಗಳನ್ನು ಆರಿಸಿಕೊಂಡರು. ತಂದೆ ತಾಯಿಯರಲ್ಲಿ ಒಬ್ಬರಾದರೂ 17 ವರ್ಷ ಓದಿರಬೇಕು ಎಂಬುದು ನಿಯಮ. ಈ ನಗರದಲ್ಲಿ ಮಗು ಅಡ್ಡಿಯಿಲ್ಲದೆ ಬೆಳೆಯುವುದಕ್ಕೂ ಪೋಷಕರ ಓದಿಗೂ ಅಷ್ಟು ನಂಟು ಕಂಡಿತ್ತು. ಹದಿನೆಂಟು ತಿಂಗಳಲ್ಲಿ 1,11,084 ಮನೆಗಳ ಬಾಗಿಲು ತಟ್ಟಿದರು. ಹುಟ್ಟಿದ ಕೂಸುಗಳನ್ನು ನೋಡಲು 73 ಹೆರಿಗೆ ತಾಣಗಳಿಗೆ ಹೋದರು. ತಂಡ ಎದುರಿಸಿದ ತೊಡಕುಗಳಲ್ಲಿ ಒಂದನ್ನು ವೈದ್ಯನಾಗಿ ಸಂಕೋಚದಿಂದಲೇ ಹೇಳುತ್ತೇನೆ: ಎದೆಹಾಲಿನ ಸಲಹೆಗೆ ಪ್ರಸೂತಿ ತಜ್ಞರ, ಮಕ್ಕಳ ತಜ್ಞರ ಬೆಂಬಲ ಪಡೆಯುವುದೇ ಇಲ್ಲಿ ಕಷ್ಟವಾಯಿತು.

ಹುಟ್ಟಿದಂದಿನಿಂದ ಹಿಂಬಾಲಿಸಿದ ಪ್ರತಿ ಮಗುವಿನ ಮನೆಗೆ ಎರಡು ವರ್ಷದೊಳಗೆ 21 ಭೇಟಿ. ಇಬ್ಬರು ಒಬ್ಬರ ಅಂಕಿಯನ್ನು ಇನ್ನೊಬ್ಬರು ನೋಡದೆ ಬೇರೆ ಬೇರೆಯಾಗಿ ಅಳೆಯಬೇಕು. ಇಬ್ಬರ ನಡುವೆ ತೂಕದಲ್ಲಿ 100 ಗ್ರಾಂ, ಉದ್ದದಲ್ಲಿ 7 ಮಿಲಿಮೀಟರ್, ತಲೆಯ ಸುತ್ತಳತೆಯಲ್ಲಿ 5 ಮಿಲಿಮೀಟರ್ ಮೀರಿ ವ್ಯತ್ಯಾಸ ಬಂದರೆ ಮತ್ತೆ ಅಳೆಯಬೇಕು. ಅಳತೆಯನ್ನು ಇಷ್ಟು ಗೌರವದಿಂದ ಕಂಡ ಕೆಲಸ ಮಕ್ಕಳ ವೈದ್ಯಕೀಯದಲ್ಲಿ ವಿರಳ.

ಫಲಿತಾಂಶ? ಆರು ದೇಶಗಳ ಮಕ್ಕಳ ಉದ್ದದಲ್ಲಿ ಕಂಡ ಒಟ್ಟು ವ್ಯತ್ಯಾಸದಲ್ಲಿ ದೇಶ ದೇಶಗಳ ನಡುವಿನ ಅಂತರದ ಪಾಲು ಸುಮಾರು ಶೇ. 3; ಒಂದೇ ಊರಿನ ಮಗುವಿಗೂ ಮಗುವಿಗೂ ನಡುವಿನ ವ್ಯತ್ಯಾಸದ ಪಾಲು ಶೇ. 70. ಆರು ಊರುಗಳ ತಂದೆ ತಾಯಿಯರ ಎತ್ತರದಲ್ಲಿ ಸಾಕಷ್ಟು ಅಂತರವಿದ್ದರೂ ಅವರ ಮಕ್ಕಳು ಎರಡು ವರ್ಷದವರೆಗೆ ಬಹುಮಟ್ಟಿಗೆ ಒಂದೇ ರೀತಿ ಬೆಳೆದರು. ಓಸ್ಲೊದ ಕೂಸೂ ದೆಹಲಿಯ ಕೂಸೂ ಒಂದೇ ನಕ್ಷೆಯಲ್ಲಿ ಹಿಡಿಸಿದವು. 2006ರ ಏಪ್ರಿಲ್‌ನಲ್ಲಿ ಆ ನಕ್ಷೆ ಪ್ರಕಟವಾಯಿತು. ಭಾರತದ ಅಂಗನವಾಡಿಗಳಿಗೂ ಮುಂದೆ ಅದೇ ಬಂತು.

ಇದರಲ್ಲಿ ಒಂದು ವ್ಯಂಗ್ಯವೂ ಇದೆ. ಅಂಥ ಬಡಾವಣೆಗಳ ಮನೆಗಳಲ್ಲಿ ಪಾತ್ರೆ ತೊಳೆಯಲು, ಕಾರು ಒರೆಸಲು, ಕಟ್ಟಡ ಕಟ್ಟಲು ಬರುವವರ ಮಕ್ಕಳು ಆಯ್ಕೆಯ ನಿಯಮದ ಪ್ರಕಾರವೇ ಮಾದರಿಯಿಂದ ಹೊರಗೆ. ಆದರೆ ಅಧ್ಯಯನ ಸಾಬೀತು ಮಾಡಿದ್ದು ಆ ಮಕ್ಕಳ ಪರವಾದ ವಾದವನ್ನೇ. ಬೆಳೆಯುವ ಶಕ್ತಿ ನಮ್ಮವರಿಗೂ ಇದೆ. ಕೊರತೆ ಇರುವುದು ಅವಕಾಶದಲ್ಲಿ.

ಇನ್ನೊಂದು ತುದಿ

ಹಾಗಾದರೆ ಮಗು ದಪ್ಪಗಾದಷ್ಟೂ ಒಳ್ಳೆಯದೇ? ಇದಕ್ಕೂ ಉತ್ತರ ದೆಹಲಿಯಲ್ಲೇ ಇದೆ, ಅದರ ಒಂದು ಬೇರು ಮೈಸೂರಿನಲ್ಲಿದೆ.

1969ರಿಂದ 1972ರ ನಡುವೆ ದಕ್ಷಿಣ ದೆಹಲಿಯ 12 ಚದರ ಕಿಲೊಮೀಟರ್ ಪ್ರದೇಶದಲ್ಲಿ ವಿವಾಹಿತ ಮಹಿಳೆಯರನ್ನೆಲ್ಲ ನೋಂದಾಯಿಸಿ, ಅವರಿಗೆ ಹುಟ್ಟಿದ 8,181 ಜೀವಂತ ಶಿಶುಗಳನ್ನು ಅಳೆಯಲು ಶುರು ಮಾಡಿದರು. ಶಾಂತಿ ಘೋಷ್, ಸಂತೋಷ್ ಭಾರ್ಗವ ಮೊದಲಾದ ಮಕ್ಕಳ ವೈದ್ಯರು ಇದರ ಹಿಂದಿದ್ದವರು. ಹುಟ್ಟಿದ 72 ಗಂಟೆಗಳೊಳಗೆ ಒಮ್ಮೆ, ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ, ಹರೆಯದವರೆಗೆ. ಮನೆ ಬದಲಾಯಿಸಿದವರು, ಊರು ಬಿಟ್ಟವರು, ತೀರಿಕೊಂಡವರು ಹೋಗಿ ಉಳಿದವರಲ್ಲಿ 1,492 ಮಂದಿಯನ್ನು ಅವರ 26ರಿಂದ 32ನೆಯ ವಯಸ್ಸಿನಲ್ಲಿ ಮತ್ತೆ ಪರೀಕ್ಷಿಸಿದರು. 2004ರಲ್ಲಿ ಫಲಿತಾಂಶ ಹೊರಬಂತು. ಆಗಲೇ ಸಕ್ಕರೆ ಕಾಯಿಲೆ ಬಂದವರು, ಬರುವ ಹಾದಿಯಲ್ಲಿದ್ದವರು ಎರಡು ವರ್ಷದವರೆಗೆ ತೆಳ್ಳಗಿದ್ದ ಮಕ್ಕಳು. ಆಮೇಲೆ ಅವರ ದೇಹತೂಕದ ಸೂಚ್ಯಂಕ ಬೇಗ ಏರತೊಡಗಿತ್ತು. ಆದರೂ ಹನ್ನೆರಡನೆಯ ವಯಸ್ಸಿನಲ್ಲಿ ಅವರಲ್ಲಿ ಒಬ್ಬರೂ ಬೊಜ್ಜಿನವರಾಗಿರಲಿಲ್ಲ. ಆ ಒಂದು ದಿನ ತೂಗಿದ ಯಾವ ವೈದ್ಯನೂ ಅಪಾಯ ಕಾಣುತ್ತಿರಲಿಲ್ಲ. ಹುಟ್ಟಿನಿಂದ ಎಳೆದ ಗೆರೆ ಮಾತ್ರ ಅದನ್ನು ಹೇಳಿತು.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಹಳೆಯ ಮೈಸೂರಿಗರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೇ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿತ್ತು. ಬರೆದವರಿಗೆ ಮುಂದೆ ಇದು ಯಾವುದಕ್ಕೆ ಬರುತ್ತದೆ ಎಂಬ ಅರಿವಿರಲಾರದು. 1990ರ ದಶಕದಲ್ಲಿ ಸಂಶೋಧಕರು ಆ ದಫ್ತರಗಳನ್ನು ಹಿಡಿದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಮೈಸೂರಿನ ಸುತ್ತಮುತ್ತಲೇ ಬದುಕಿದ್ದ 517 ಮಂದಿಯ ಹೃದಯವನ್ನು ಪರೀಕ್ಷಿಸಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚು ಕಂಡಿತು. ದಶಕಗಳ ಹಿಂದೆ ದಾದಿಯೊಬ್ಬಳು ಮನಸ್ಸಿಟ್ಟು ಬರೆದ ಅಂಕಿ ಲೋಕದ ವೈದ್ಯಕೀಯಕ್ಕೆ ಸಾಕ್ಷ್ಯವಾಯಿತು.

ಎರಡೂ ಅಧ್ಯಯನಗಳಿಂದ ತಿಳಿಯುವುದಿಷ್ಟು. ಗರ್ಭದಲ್ಲಿ ಮತ್ತು ಮೊದಲ ಎರಡು ವರ್ಷಗಳಲ್ಲಿ ಸೊರಗಿದ ಮಗುವನ್ನು ಆಮೇಲೆ ಬಿಸ್ಕತ್ತು, ಪಾನೀಯ, ತುಪ್ಪ ತುರುಕಿ ದಪ್ಪ ಮಾಡಿದರೆ ಕಳೆದದ್ದು ಮರಳುವುದಿಲ್ಲ. ಹೊಸ ಕಾಯಿಲೆಗೆ ದಾರಿಯಾಗುತ್ತದೆ. ಮಗುವನ್ನು ಎತ್ತರ ಮಾಡುತ್ತೇವೆ ಎಂದು ಜಾಹೀರಾತು ಕೊಡುವ ಡಬ್ಬಿಗಳಿಗಿಂತ ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ಹೊತ್ತುಹೊತ್ತಿಗೆ ಕೊಡುವ ರಾಗಿ ಸರಿ, ಬೇಳೆ, ಮೊಟ್ಟೆ, ತರಕಾರಿ ಮೇಲು.

ಎರಡು ಆಕ್ಷೇಪ

ಈ ನಕ್ಷೆಯ ಮೇಲೆ ಆಕ್ಷೇಪಗಳಿಲ್ಲದೆ ಇಲ್ಲ. ಅರ್ಥಶಾಸ್ತ್ರಜ್ಞ ಅರವಿಂದ ಪನಗಾರಿಯ 2013ರಲ್ಲಿ, ಭಾರತದ ಮಕ್ಕಳು ಆಫ್ರಿಕದ ಬಡ ದೇಶಗಳ ಮಕ್ಕಳಿಗಿಂತ ಗಿಡ್ಡವಾಗಿ ಕಾಣುವುದಕ್ಕೆ ವಂಶವಾಹಿಯೂ ಕಾರಣವಿರಬಹುದು, ಒಂದೇ ಅಳತೆಗೋಲು ಸಲ್ಲದು ಎಂದು ಬರೆದಾಗ ದೊಡ್ಡ ಚರ್ಚೆಯಾಯಿತು. ಬೆಂಗಳೂರಿನ ಸೇಂಟ್ ಜಾನ್ಸ್‌ನ ಅನುರಾ ಕುರ್ಪಾಡ್, ದೆಹಲಿಯ ಎಚ್.ಪಿ.ಎಸ್. ಸಚ್‌ದೇವ್ ಅವರಂಥ ತಜ್ಞರೂ ಈ ನಕ್ಷೆ ನಮ್ಮಲ್ಲಿ ಕೊರತೆಯನ್ನು ಹೆಚ್ಚಾಗಿ ತೋರಿಸುತ್ತದೆ, ಅದನ್ನು ನಂಬಿ ಅತಿಯಾಗಿ ಉಣಿಸಿದರೆ ಬೊಜ್ಜು ಬರುತ್ತದೆ ಎಂದು ಎಚ್ಚರಿಸಿದ್ದಾರೆ. ದೆಹಲಿಯಲ್ಲಿ 1969–72ರಲ್ಲಿ ಹುಟ್ಟಿದ ಆ ಮಕ್ಕಳನ್ನು ಅಧ್ಯಯನ ಮಾಡಿದವರಲ್ಲಿ ಸಚ್‌ದೇವ್ ಒಬ್ಬರು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ.

ನನ್ನ ನಿಲುವು ಹೀಗಿದೆ. ಗಿಡ್ಡ ತಾಯಿಗೆ ಚಿಕ್ಕ ಮಗು ಹುಟ್ಟುವುದು ನಿಜ; ಆದರೆ ಆ ತಾಯಿ ಗಿಡ್ಡ ಆದದ್ದು ತನ್ನ ಬಾಲ್ಯದಲ್ಲಿ. ಒಂದು ತಲೆಮಾರಿನಲ್ಲಿ ಎಲ್ಲ ಸರಿಹೋಗುವುದಿಲ್ಲ. ಆದ್ದರಿಂದ ಬಡವರ ಮನೆಯ ಮಗು ನಾಳೆಯೇ ಓಸ್ಲೊದ ಮಗುವಿನಷ್ಟಾಗಲಿ ಎಂದು ಬಯಸುವುದು ಅವಸರ. ಆದರೆ ಅದಕ್ಕಾಗಿ ಗೆರೆಯನ್ನೇ ಕೆಳಗಿಳಿಸಿದರೆ ನಾವು ಕಳೆದುಕೊಳ್ಳುವುದು ಗುರಿಯನ್ನು. ಐದು ವರ್ಷ ದಾಟಿದ ಮಕ್ಕಳಿಗೆ ಭಾರತೀಯ ಮಕ್ಕಳ ವೈದ್ಯರ ಸಂಘ 2015ರಲ್ಲಿ ನಮ್ಮ ಮಕ್ಕಳ ಅಂಕಿಗಳಿಂದಲೇ ನಕ್ಷೆ ಮಾಡಿದೆ. ನಮ್ಮವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುವುದರಿಂದ ಅದರಲ್ಲಿ ಬೊಜ್ಜಿನ ಎಚ್ಚರಿಕೆಯ ಗೆರೆಯನ್ನು ಕೆಳಗೆ ಹಾಕಿದ್ದಾರೆ. ಅದು ವಿವೇಕ. ಐದು ವರ್ಷದೊಳಗಿನವರಿಗೆ ಈಗಿರುವ ಗೆರೆ ಇರಲಿ. ಅದನ್ನು ಬಳಸುವವರು ತೂಕದ ಜೊತೆ ಉದ್ದವನ್ನೂ ನೋಡಲಿ.

ನಮ್ಮಂಥ ಮಧ್ಯಮವರ್ಗದವರಿಗೆ ಇನ್ನೊಂದು ಮಾತು. ಪಕ್ಕದ ಫ್ಲಾಟಿನ ಮಗುವಿಗಿಂತ ನಮ್ಮದು ಅರ್ಧ ಕಿಲೊ ಕಡಿಮೆ ಎಂದು ಕೊರಗುವುದಕ್ಕೆ ನಕ್ಷೆ ಇಲ್ಲ. ತನ್ನದೇ ದಾರಿಯಲ್ಲಿ ಏರುತ್ತಿರುವ ಮಗು ಕೆಳಗೆರೆಯ ಹತ್ತಿರವಿದ್ದರೂ ಆರೋಗ್ಯವಾಗಿರಬಹುದು. ಮೇಲಿನ ಗೆರೆಯಿಂದ ಎರಡು ಗೆರೆ ದಾಟಿ ಕೆಳಗಿಳಿದ ಮಗು ಇನ್ನೂ ಹಸಿರಿನಲ್ಲೇ ಇದ್ದರೂ ವಿಚಾರಿಸಬೇಕಾದ ಮಗು.

ಅಳೆದ ಮೇಲೆ

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾಯಿತು. ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಮಗುವಿನ ತೂಕ ನೋಡುವುದು ಆ ಯೋಜನೆಯ ಕೆಲಸಗಳಲ್ಲಿ ಒಂದು. ಅರ್ಧ ಶತಮಾನ ತೂಗಿದ ಮೇಲೆ ಎಲ್ಲಿದ್ದೇವೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ಕುಂಠಿತ ಬೆಳವಣಿಗೆ ದೇಶದಲ್ಲಿ ಶೇ. 35.5, ಕರ್ನಾಟಕದಲ್ಲಿ ಶೇ. 35.4, ದೆಹಲಿಯಲ್ಲಿ ಸುಮಾರು ಶೇ. 31. ಆರೋಗ್ಯವಂತ ಸಮಾಜದಲ್ಲಿ ಇದು ಎರಡು ಮೂರರ ಆಸುಪಾಸು ಇರಬೇಕಿತ್ತು ಎಂಬುದನ್ನು ಮರೆಯಬೇಡಿ.

2018ರಲ್ಲಿ ಪೋಷಣ್ ಅಭಿಯಾನ ಬಂದ ಮೇಲೆ ಅಂಗನವಾಡಿಗಳಿಗೆ ಉದ್ದ ಅಳೆಯುವ ಸಾಧನ, ಡಿಜಿಟಲ್ ತಕ್ಕಡಿ, ಮೊಬೈಲ್ ಆ್ಯಪ್ ಬಂದಿವೆ. ಒಳ್ಳೆಯದೇ. ಆದರೆ ಕಾರ್ಯಕರ್ತೆ ತಿಂಗಳ ಕೊನೆಗೆ ಅಂಕಿ ತುಂಬಬೇಕೆಂದು ತೂಗಿದರೆ ಅಂಕಿ ಮೇಲಕ್ಕೆ ಹೋಗುತ್ತದೆ, ತಾಯಿಗೆ ಒಂದು ಮಾತೂ ತಲುಪುವುದಿಲ್ಲ. ಈ ಮಗು ಎರಡು ತಿಂಗಳಿಂದ ತೂಕ ಪಡೆದಿಲ್ಲ. ಭೇದಿಯಾಗಿತ್ತೇ, ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೆ, ದಿನಕ್ಕೆ ಎಷ್ಟು ಸಲ ಉಣಿಸುತ್ತೀರಿ ಎಂದು ಕೂತು ಕೇಳುವ ಹತ್ತು ನಿಮಿಷ ಸಿಗದಿದ್ದರೆ ಯಂತ್ರಕ್ಕೆ ಹಾಕಿದ ಹಣ ವ್ಯರ್ಥ. ಕುಂಠಿತಕ್ಕೆ ಅನ್ನದ ಕೊರತೆಯೊಂದೇ ಕಾರಣವಲ್ಲ. ಮತ್ತೆ ಮತ್ತೆ ಬರುವ ಭೇದಿ, ಕೊಳಕು ನೀರು, ರಕ್ತಹೀನ ತಾಯಿ, ಬೇಗನೆ ಹುಟ್ಟುವ ಮುಂದಿನ ಮಗು, ಕೂಲಿಗೆ ಹೋದ ತಾಯಿಯ ಹಿಂದೆ ಉಳಿದ ಕೂಸು ಎಲ್ಲವೂ ಅದರಲ್ಲಿವೆ. 1969ರಲ್ಲಿ ರಾಜಘಾಟ್ ಬಳಿ ಗಾಂಧಿ ಶತಮಾನೋತ್ಸವದ ಕಟ್ಟಡ ಕೆಲಸ ನಡೆಯುತ್ತಿದ್ದಾಗ ಮೀರಾ ಮಹಾದೇವನ್ ಕೂಲಿಗಳ ಕೂಸುಗಳಿಗಾಗಿ ಅಲ್ಲೇ ಒಂದು ಶಿಶುಪಾಲನಾ ಕೇಂದ್ರ ತೆರೆದರು. ಅದೇ ಮುಂದೆ ಮೊಬೈಲ್ ಕ್ರೆಶಸ್ ಆಯಿತು. ತಾಯಿ ಇಟ್ಟಿಗೆ ಹೊರುವಾಗ ಮಗುವಿಗೆ ಹೊತ್ತಿಗೆ ಉಣಿಸುವವರಿದ್ದರೆ ನಕ್ಷೆಯ ಗೆರೆ ಏರುತ್ತದೆ ಎಂಬುದನ್ನು ಅವರಿಗೆ ಯಾವ ಸಮೀಕ್ಷೆಯೂ ಹೇಳಿಕೊಡಬೇಕಾಗಿರಲಿಲ್ಲ.

ಇಷ್ಟು ಹೇಳಿ ನಿಮ್ಮಲ್ಲಿ ಕೆಲವು ಬೇಡಿಕೆ ಇಡುತ್ತೇನೆ. ನಿಮ್ಮ ಮಗುವಿನ, ಮೊಮ್ಮಗುವಿನ ಕಾರ್ಡನ್ನು ಲಸಿಕೆಯ ದಿನ ಮಾತ್ರ ತೆಗೆಯಬೇಡಿ. ಉದ್ದ ಅಳೆದು ನಕ್ಷೆಯಲ್ಲಿ ಗುರುತು ಹಾಕಿ ಎಂದು ನಿಮ್ಮ ವೈದ್ಯರನ್ನು ಕೇಳಿ. ಕೇಳುವುದು ನಿಮ್ಮ ಹಕ್ಕು. ನಿಮ್ಮ ಮನೆಗೆ ಕೆಲಸಕ್ಕೆ ಬರುವಾಕೆಯ ಮಗುವಿಗೆ ಅಂಥ ಕಾರ್ಡ್ ಇದೆಯೇ, ಹತ್ತಿರದ ಅಂಗನವಾಡಿಯಲ್ಲಿ ಹೆಸರಿದೆಯೇ ವಿಚಾರಿಸಿ. ಮಗುವನ್ನು ಕರೆದೊಯ್ಯಲು ಅವಳಿಗೆ ಒಂದು ಬೆಳಿಗ್ಗೆ ಸಂಬಳ ಹಿಡಿಯದ ರಜೆ ಕೊಡಿ. ನಿಮ್ಮ ವಸತಿ ಸಂಘದಲ್ಲಿ ಕಟ್ಟಡ ಕೆಲಸ ನಡೆಯುತ್ತಿದ್ದರೆ ಕೂಲಿಗಳ ಕೂಸುಗಳಿಗೆ ನೆರಳು, ಶುದ್ಧ ನೀರು, ನೋಡಿಕೊಳ್ಳುವ ಒಬ್ಬರು ಇದ್ದಾರೆಯೇ ಎಂದು ಸಭೆಯಲ್ಲಿ ಕೇಳಿ. ತೋಳಿನ ಪಟ್ಟಿ ಕೆಂಪು ತೋರಿಸಿದ ಮಗುವನ್ನು ಕಂಡರೆ ಕಾಯಬೇಡಿ. ಕನಾಟ್ ಪ್ಲೇಸ್ ಬಳಿಯ ಕಲಾವತಿ ಸರಣ್ ಮಕ್ಕಳ ಆಸ್ಪತ್ರೆಯಲ್ಲಿ ತೀವ್ರ ಅಪೌಷ್ಟಿಕತೆಗೆ ಚಿಕಿತ್ಸೆಯಿದೆ, ಅಲ್ಲಿಗೆ ಕಳಿಸಿ. ದೆಹಲಿಯ ಅನುಕೂಲಸ್ಥರ ಮಕ್ಕಳು ಲೋಕಕ್ಕೆ ಅಳತೆಗೋಲು ಕೊಟ್ಟಾಗಿದೆ. ದೆಹಲಿಯ ಉಳಿದ ಮಕ್ಕಳೂ ಆ ಗೋಲನ್ನು ಮುಟ್ಟುವಂತೆ ಮಾಡುವ ಕೆಲಸದಲ್ಲಿ ಕನ್ನಡಿಗರು ಕೈಜೋಡಿಸಬೇಕೆಂದು ಕೇಳಿಕೊಳ್ಳುತ್ತೇನೆ.